ತುಂಬಿದ ಚೀಲ ಎಲ್ಲಿಗೆ ಹೋಗುತ್ತದೆ?

ಮುಂಬೈಯ ವರ್ಸೋವಾ ಕಡಲತೀರದ ಕಥೆಯನ್ನು ನಮ್ಮಲ್ಲಿ ಹೆಚ್ಚಿನವರು ಅರ್ಧವಷ್ಟೇ ಕೇಳಿದ್ದಾರೆ. 2015ರ ಅಕ್ಟೋಬರ್‌ನಲ್ಲಿ ಅಫ್ರೋಜ್ ಶಾ ಎಂಬ ಯುವ ವಕೀಲರು ನೆರೆಮನೆಯ 84 ವರ್ಷದ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಅಲ್ಲಿ ಕಸ ಹೆಕ್ಕಲು ಇಳಿದರು. ವಾರ ವಾರ ಜನ ಸೇರುತ್ತಾ ಹೋದರು. ಮೀನುಗಾರರು, ಶಾಲೆಯ ಮಕ್ಕಳು, ಕೊಳೆಗೇರಿಯವರು, ಸಿನಿಮಾದವರು ಎಲ್ಲರೂ ಬಂದರು. ಮರುವರ್ಷವೇ ವಿಶ್ವಸಂಸ್ಥೆ ಶಾ ಅವರಿಗೆ ‘ಚಾಂಪಿಯನ್ಸ್ ಆಫ್ ದಿ ಅರ್ತ್’ ಪ್ರಶಸ್ತಿ ಕೊಟ್ಟಿತು. 2018ರ ಮಾರ್ಚ್‌ನಲ್ಲಿ, ಸುಮಾರು ಎರಡು ದಶಕಗಳ ನಂತರ, ಅದೇ ಮರಳಿನಿಂದ ಆಲಿವ್ ರಿಡ್ಲಿ ಆಮೆಮರಿಗಳು ಎದ್ದು ಕಡಲಿಗೆ ನಡೆದವು.

ಕೇಳದೇ ಉಳಿದ ಅರ್ಧ ಬೇರೆಯೇ ಇದೆ. ಪ್ರಶಸ್ತಿ ಬಂದ ಮೇಲೆ, 2017ರ ನವೆಂಬರ್‌ನಲ್ಲಿ, ಶಾ ಈ ಕೆಲಸವನ್ನು ನಿಲ್ಲಿಸಿಬಿಟ್ಟಿದ್ದರು. ಹೆಕ್ಕಿ ರಾಶಿ ಹಾಕಿದ ಕಸವನ್ನು ಎತ್ತಲು ಗಾಡಿ ಸರಿಯಾಗಿ ಬರುತ್ತಿರಲಿಲ್ಲ. ಜೊತೆಗೆ ಸ್ವಯಂಸೇವಕರು ಬೈಗುಳ ತಿನ್ನಬೇಕಾಯಿತು. ಆಮೇಲೆ ಕೆಲಸ ಮತ್ತೆ ಶುರುವಾಯಿತು ನಿಜ. ಆದರೂ ಕಡಲತೀರದ ಸ್ವಚ್ಛತೆಯ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಪ್ರಶಸ್ತಿಯಲ್ಲ, ಎತ್ತದೆ ಬಿದ್ದಿದ್ದ ಆ ರಾಶಿ. ಜನರ ಉತ್ಸಾಹ ಸೋತದ್ದು ಕಸದ ಮುಂದೆ ಅಲ್ಲ, ಬಾರದ ಗಾಡಿಯ ಮುಂದೆ.

ನಮ್ಮ ಕರಾವಳಿಯಲ್ಲೂ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಗೋಣಿಚೀಲ ಹಿಡಿದು ಮರಳಿಗೆ ಇಳಿಯುವವರು ಅನೇಕರಿದ್ದಾರೆ. ಕುಂದಾಪುರದ ಕೋಡಿಯಲ್ಲಿ, ಮಂಗಳೂರು ಸುತ್ತಿನ ತೀರಗಳಲ್ಲಿ, ಉತ್ತರ ಕನ್ನಡದ ಊರುಗಳಲ್ಲಿ ಇಂಥ ಗುಂಪುಗಳಿವೆ. ಅವರೊಂದಿಗೆ ಒಂದು ಗಂಟೆ ಬಾಗಿ ನಿಂತರೆ ಕಸದ ಸ್ವಭಾವ ತಿಳಿಯುತ್ತದೆ. ಬಾಟಲಿ ಹೆಕ್ಕುವುದು ಸುಲಭ. ಕಷ್ಟ ಕೊಡುವುದು ಥರ್ಮೋಕೋಲ್. ಮುಟ್ಟಿದರೆ ಸಾಕು, ಕಾಳುಕಾಳಾಗಿ ಉದುರಿ ಮರಳಿನೊಂದಿಗೆ ಸೇರಿಕೊಳ್ಳುತ್ತದೆ, ಆಮೇಲೆ ಬೆರಳಿಗೆ ಸಿಗುವುದಿಲ್ಲ. ಹಾಲಿನ ಪ್ಯಾಕೆಟ್ಟಿನಿಂದ ಕತ್ತರಿಸಿದ ಮೂಲೆ, ಗುಟ್ಕಾ ಪೊಟ್ಟಣ, ಔಷಧಿ ಶೀಶೆ, ಎಂದೂ ಜೋಡಿ ಸಿಗದ ಒಂಟಿ ಚಪ್ಪಲಿ. ಹೂತುಹೋದ ಬಲೆಯ ತುದಿ ಕಂಡರೆ ಎಳೆದು ಪ್ರಯೋಜನವಿಲ್ಲ. ಸುತ್ತ ಮರಳು ತೋಡಿ, ಚೂರಿಯಿಂದ ಕೊಯ್ದು ತೆಗೆಯಬೇಕು. ನಾಲ್ಕು ಜನ ಸೇರಿ ಅರ್ಧ ಬೆಳಗು ತೆಗೆದರೂ ಒಂದಷ್ಟು ಒಳಗೇ ಉಳಿಯುತ್ತದೆ. ಚೀಲ ಕಟ್ಟುವ ಮುನ್ನ ಮರಳು ಕೊಡವದಿದ್ದರೆ ಭಾರಕ್ಕೆ ಹೊಲಿಗೆ ಬಿಚ್ಚುತ್ತದೆ.

ಹೀಗೆ ತುಂಬಿದ ಚೀಲ ಗುಜರಿಯವರಿಗೂ ಬೇಡ. ಬಿಸಿಲಿಗೆ ಪುಡಿಯಾಗುವಂತಾದ, ಉಪ್ಪು ಹಿಡಿದ, ಮರಳು ಮೆತ್ತಿದ ಪ್ಲಾಸ್ಟಿಕ್ಕಿಗೆ ಮರುಬಳಕೆಯ ಬೆಲೆ ಬಹಳ ಕಡಿಮೆ. ಅದನ್ನು ಬೇರ್ಪಡಿಸಿ, ಆಗುವುದನ್ನು ಮರುಬಳಕೆಗೂ ಆಗದ್ದನ್ನು ಸಿಮೆಂಟ್ ಕಾರ್ಖಾನೆಯ ಕುಲುಮೆಗೂ ಕಳಿಸುವ ವ್ಯವಸ್ಥೆ ಬೇಕು. ಇಲ್ಲದಿದ್ದರೆ ಚೀಲ ಮರಳಿನ ಅಂಚಿನಲ್ಲೇ ಕೂರುತ್ತದೆ. ನಾಯಿ ಎಳೆಯುತ್ತದೆ, ಮಳೆ ಬರುತ್ತದೆ, ಹೆಕ್ಕಿದ್ದೆಲ್ಲ ಮತ್ತೆ ನೀರಿಗೆ. ಕೆಲವೆಡೆ ಗುಂಡಿ ತೋಡಿ ಅಲ್ಲೇ ಹೂಳುವುದೂ ಉಂಟು, ಬೆಂಕಿ ಹಚ್ಚುವುದೂ ಉಂಟು. ಎರಡೂ ತಪ್ಪು. ಆದರೆ ಹಾಗೆ ಮಾಡಿದವರನ್ನು ಬೈಯುವ ಮೊದಲು, ಅವರ ಚೀಲ ಒಯ್ಯಲು ಯಾರು ಬಂದರು ಎಂದು ಕೇಳಬೇಕು.

ಈ ಕಸವೆಲ್ಲ ತೀರದಲ್ಲಿ ಕೂತು ಭೇಲ್‌ಪುರಿ ತಿಂದವರು ಎಸೆದದ್ದೂ ಅಲ್ಲ. ಕೋಡಿಯ ಉತ್ತರಕ್ಕಿರುವ ಗಂಗೊಳ್ಳಿ ಅಳಿವೆಯಲ್ಲಿ ಸೌಪರ್ಣಿಕಾ, ಚಕ್ರಾ, ಕುಬ್ಜಾ, ವಾರಾಹಿ, ಖೇಟ ಎಂಬ ಐದು ಹೊಳೆಗಳು ಕೂಡಿ ಕಡಲು ಸೇರುತ್ತವೆ. ಕೊಲ್ಲೂರಿನಲ್ಲಿ ಸ್ನಾನಕ್ಕಿಳಿದವರು ಬಂಡೆಯ ಮೇಲೆ ಬಿಟ್ಟುಹೋದ ಶಾಂಪೂ ಪೊಟ್ಟಣಕ್ಕೆ ಸೌಪರ್ಣಿಕೆಯೇ ದಾರಿ. ಘಟ್ಟದ ಬುಡದ ಹಳ್ಳಿಯ ಚರಂಡಿಗೆ ಬಿದ್ದದ್ದು ಜೂನ್ ತಿಂಗಳ ಮೊದಲ ನೆರೆಗೆ ಹೊರಟು ಅಳಿವೆ ದಾಟುತ್ತದೆ. ಮಳೆಗಾಲದ ಅಬ್ಬರದಲ್ಲಿ ಕಡಲು ಅದನ್ನು ವಾಪಸು ತಂದು ದಂಡೆಗೆ ಒಗೆಯುತ್ತದೆ. ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್, ಜುಲೈಯಲ್ಲಿ ನಾಡದೋಣಿಯವರು ಬಲೆ ಬೀಸಿದರೆ ಮೀನಿನ ಜೊತೆ ಕಸವೂ ಬರುತ್ತದೆ. ಅದನ್ನು ಬಿಡಿಸಿ ಬಲೆ ಸರಿಪಡಿಸುವ ಹೊತ್ತಿಗೆ ಯಾರೂ ಕೂಲಿ ಕೊಡುವುದಿಲ್ಲ.

ಹಾಗಾಗಿ ಕಡಲತೀರ ಕಾಯುವವರ ಪಟ್ಟಿಯಲ್ಲಿ ನಾನು ಕಡಲೇ ಕಾಣದ ಊರುಗಳನ್ನೂ ಸೇರಿಸುತ್ತೇನೆ. ಕುಂದಾಪುರದ ಒಳನಾಡಿನ ವಂಡ್ಸೆ ಗ್ರಾಮ ಪಂಚಾಯಿತಿ ಘನ-ದ್ರವ ಸಂಪನ್ಮೂಲ ನಿರ್ವಹಣೆಯ ಘಟಕ ಕಟ್ಟಿ, ಮನೆಮನೆಯ ಕಸ ತಂದು ಬೇರ್ಪಡಿಸಲು ತೊಡಗಿ ಎಷ್ಟೋ ವರ್ಷಗಳಾದವು. ಅಲ್ಲಿ ಕಸ ವಿಂಗಡಿಸುವ ಕೆಲಸದಲ್ಲಿ ಹೆಣ್ಣುಮಕ್ಕಳದೇ ದೊಡ್ಡ ಪಾಲು. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣಕಸ ಬೇರ್ಪಡಿಸಬಲ್ಲ ಘಟಕವಿದೆ, ಸುತ್ತಲ ಪಂಚಾಯಿತಿಗಳ ಕಸ ಅಲ್ಲಿಗೆ ಹೋಗುತ್ತದೆ. ಕಡಲತೀರದ ಫೋಟೋದಲ್ಲಿ ಈ ಹೆಣ್ಣುಮಕ್ಕಳು ಕಾಣುವುದಿಲ್ಲ. ಆದರೆ ಅವರು ತಡೆದ ಪ್ರತಿ ಪೊಟ್ಟಣ ಕೋಡಿಯಲ್ಲಿ ಯಾರೋ ಬಾಗಿ ಹೆಕ್ಕಬೇಕಾಗಿದ್ದ ಪೊಟ್ಟಣ.

ಹೆಕ್ಕಿದ್ದನ್ನು ಬರೆದಿಡುವುದೂ ಅಷ್ಟೇ ಮುಖ್ಯ. 1986ರಲ್ಲಿ ಅಮೆರಿಕದ ಟೆಕ್ಸಾಸ್ ತೀರದಲ್ಲಿ ಇಬ್ಬರು ಮಹಿಳೆಯರು ಮುಂದೆ ನಿಂತು ನಡೆಸಿದ ಸ್ವಚ್ಛತೆಯಲ್ಲಿ ಸ್ವಯಂಸೇವಕರು ಸಿಕ್ಕ ಒಂದೊಂದು ವಸ್ತುವನ್ನೂ ಪಟ್ಟಿಯಲ್ಲಿ ಗುರುತಿಸಿದರು. ಇಂದು ಸೆಪ್ಟೆಂಬರ್‌ನ ಮೂರನೇ ಶನಿವಾರ ಜಗತ್ತಿನಾದ್ಯಂತ ನಡೆಯುವ ಕರಾವಳಿ ಸ್ವಚ್ಛತೆಯ ಮೂಲ ಅದೇ. ಇಷ್ಟು ಕಿಲೋ ಎಂಬ ಲೆಕ್ಕ ಪತ್ರಿಕೆಯ ಶೀರ್ಷಿಕೆಗೆ ಸಾಕು, ಯಾವ ಪೊಟ್ಟಣ ಎಷ್ಟು ಎಂಬ ಲೆಕ್ಕಕ್ಕೆ ತಯಾರಕರು ಉತ್ತರ ಕೊಡಬೇಕಾಗುತ್ತದೆ. ಭಾರತದಲ್ಲಿ 2022ರ ಜುಲೈ 1ರಿಂದ ನಿಷೇಧವಾದದ್ದು ಸ್ಟ್ರಾ, ಚಮಚ, ಲೋಟ, ಅಲಂಕಾರದ ಥರ್ಮೋಕೋಲ್‌ನಂಥವು. ಚಿಪ್ಸ್ ಪೊಟ್ಟಣ ಆ ಪಟ್ಟಿಯಲ್ಲಿಲ್ಲ. ಅದನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ಕಾನೂನು ತಯಾರಕರ ಮೇಲೇ ಹೊರಿಸಿದೆ.

ತೀರ ಚೊಕ್ಕಟವಾದರೆ ಸಾಲದು, ಬಂದವರಿಗೆ ಇರಲು ಆಗಬೇಕು. ಮಕ್ಕಳನ್ನು ಕಟ್ಟಿಕೊಂಡು ಬಂದ ತಾಯಿಗೆ ಶೌಚಾಲಯ ಬೇಕು, ಒದ್ದೆ ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಬೇಕು, ಗಾಲಿಕುರ್ಚಿಯವರಿಗೆ ಮರಳಿನವರೆಗೆ ದಾರಿ ಬೇಕು. 2020ರ ಅಕ್ಟೋಬರ್‌ನಲ್ಲಿ ದೇಶದ ಎಂಟು ತೀರಗಳಿಗೆ ನೀಲಿ ಬಾವುಟದ (ಬ್ಲೂ ಫ್ಲ್ಯಾಗ್) ಅಂತಾರಾಷ್ಟ್ರೀಯ ಮಾನ್ಯತೆ ಬಂದಾಗ ನಮ್ಮ ಪಡುಬಿದ್ರಿ, ಕಾಸರಕೋಡು ಅದರಲ್ಲಿದ್ದವು. ಆ ಮಾನ್ಯತೆಯ 33 ಮಾನದಂಡಗಳಲ್ಲಿ ನೀರಿನ ಗುಣಮಟ್ಟ, ಜೀವರಕ್ಷಕರು, ಇಂಥ ಸೌಲಭ್ಯಗಳು ಎಲ್ಲವೂ ಸೇರಿವೆ. ಇದು ಒಳ್ಳೆಯದೇ. ಆದರೆ ಪ್ರವಾಸಿಗರಿಗೆಂದು ಬೇಲಿ ಹಾಕುವ ಭರದಲ್ಲಿ ಮೀನು ಒಣಗಿಸುವ ಹೆಂಗಸಿನ ಜಾಗ, ದಡದಿಂದ ಕೈರಂಪಣಿ ಬಲೆ ಎಳೆಯುವವರ ಜಾಗ ಕಿತ್ತುಕೊಳ್ಳಬಾರದು. ಮರಳು ನುಣ್ಣಗೆ ಕಾಣಲೆಂದು ಅಡುಂಬು ಬಳ್ಳಿಯನ್ನು ಕಿತ್ತು ಹಾಕುವುದೂ ಬೇಡ. ದಿಬ್ಬದ ಮರಳು ಗಾಳಿಗೆ ಹಾರದಂತೆ ಹಿಡಿದಿಟ್ಟಿರುವುದು ಅದೇ.

ಈ ಭಾನುವಾರ ಹೊರಡುವ ಗುಂಪುಗಳಿಗೆ ಕೈಗವಸು, ಟಿ-ಶರ್ಟು ಕೊಡುವ ದಾನಿಗಳು ಸಿಗುತ್ತಾರೆ. ಆ ದುಡ್ಡಿನಲ್ಲಿ ಒಂದು ಟೆಂಪೊ ಬಾಡಿಗೆ ಹಿಡಿಯಬಹುದು. ಅದಕ್ಕಿಂತ ಒಳ್ಳೆಯದು, ಸ್ಥಳೀಯ ಪಂಚಾಯಿತಿಯೋ ಪುರಸಭೆಯೋ ಭಾನುವಾರ ಒಂಬತ್ತೂವರೆಗೆ ಕಸದ ಗಾಡಿ ತೀರಕ್ಕೆ ಬರುತ್ತದೆ ಎಂದು ಬರೆದುಕೊಡುವುದು. ಚಾಲಕನಿಗೆ ಆ ದಿನದ ಹೆಚ್ಚುವರಿ ಕೂಲಿಯನ್ನು ಬಜೆಟ್ಟಿನಲ್ಲೇ ಸೇರಿಸುವುದು.