ಸೋತೆನೆಂದವನ ಶರಣಾಗತಿ

ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., ತನ್ನನ್ನು ಧರ್ಮವೆಂದು ಕರೆದುಕೊಳ್ಳುವುದಿಲ್ಲ. ಆದರೂ ಅದರ ಹನ್ನೆರಡು ಮೆಟ್ಟಿಲುಗಳಲ್ಲಿ ಆರು ಮೆಟ್ಟಿಲುಗಳು ದೇವರನ್ನೋ ಮನುಷ್ಯನಿಗಿಂತ ದೊಡ್ಡದಾದ ಶಕ್ತಿಯನ್ನೋ ನೆನೆಯುತ್ತವೆ. ಕುಡಿತದ ಮಾತು ಬರುವುದು ಮೊದಲನೆಯದರಲ್ಲಿ ಮತ್ತು ಕೊನೆಯದರಲ್ಲಿ ಮಾತ್ರ. ಮದ್ಯದ ಮುಂದೆ ನನ್ನ ಬಲ ನಡೆಯದು ಎಂದು ಒಪ್ಪಿಕೊಳ್ಳುವುದೇ ಮೊದಲ ಮೆಟ್ಟಿಲು. ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಬಲವಿಲ್ಲ ಎಂದವನು ತನ್ನ ನಡತೆಗೆ ಹೊಣೆ ಹೊರುವುದು ಹೇಗೆ? ದೇವರಿಲ್ಲ ಎನ್ನುವವನು ಶರಣಾಗುವುದು ಯಾರಿಗೆ?

1934ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಯಲ್ಲಿದ್ದ ಷೇರುಪೇಟೆಯ ಬಿಲ್ ವಿಲ್ಸನ್‌ಗೆ ಕೋಣೆಯೆಲ್ಲ ಬೆಳಕಾದಂಥ ಅನುಭವವಾಯಿತು. ಅದು ಹುಚ್ಚಲ್ಲವೆಂಬ ಧೈರ್ಯವನ್ನು ಅವರು ಪಡೆದದ್ದು ಧಾರ್ಮಿಕ ಅನುಭವಗಳ ವೈವಿಧ್ಯವನ್ನು ಕುರಿತ ವಿಲಿಯಂ ಜೇಮ್ಸ್‌ರ 1902ರ ಗ್ರಂಥದಿಂದ. ಪಾಪನಿವೇದನೆ, ಪ್ರಾಯಶ್ಚಿತ್ತಗಳ ಕ್ರಮ ಬಂದದ್ದು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗದಿಂದ. ಮರುವರ್ಷ ಒಹಾಯೊದ ಆಕ್ರನ್‌ನಲ್ಲಿ ವ್ಯವಹಾರ ಕೈಕೊಟ್ಟು ಮತ್ತೆ ಕುಡಿಯುವ ಆಸೆ ಕಾಡಿದಾಗ ವಿಲ್ಸನ್ ಇನ್ನೊಬ್ಬ ಕುಡುಕನನ್ನು ಹುಡುಕಿದರು. ಸಿಕ್ಕವರು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಬಾಬ್ ಕೊನೆಯ ಬಾರಿ ಕುಡಿದ 1935ರ ಜೂನ್ 10 ಸಂಘದ ಹುಟ್ಟುದಿನವೆನಿಸಿತು. ಬೆಳಕಿನ ದರ್ಶನಕ್ಕಿಂತ ಈ ಭೇಟಿಯೇ ಮುಖ್ಯವೆನ್ನಬೇಕು: ಉಪದೇಶ ಮಾಡಲು ಹೋದವನೇ ಅದರಿಂದ ಉಳಿದುಕೊಂಡ.

1939ರಲ್ಲಿ ಸಂಘದ ಮೂಲ ಪುಸ್ತಕ ಸಿದ್ಧವಾಗುವಾಗ ದೇವರ ಬಗ್ಗೆ ಜಗಳವೇ ನಡೆಯಿತು. ಜಿಮ್ ಬರ್ವೆಲ್‌ನಂಥ ನಾಸ್ತಿಕ ಸದಸ್ಯರ ಪಟ್ಟಿನಿಂದಾಗಿ, ದೇವರೆಂದರೆ ಅವರವರು ತಿಳಿದುಕೊಂಡಂತೆ ಎಂಬ ಸಡಿಲಿಕೆ ಬಂತು. ಇದನ್ನು ಬರೀ ರಾಜಿ ಎಂದು ತಳ್ಳಿಹಾಕುವಂತಿಲ್ಲ. ಶರಣಾಗತಿಯಲ್ಲಿ ನಿರ್ಣಾಯಕವಾದದ್ದು ಎದುರಿರುವ ದೇವರ ಸ್ವರೂಪವಲ್ಲ, ಶರಣಾಗುವವನು ಬಿಟ್ಟುಕೊಡುವ ಹಮ್ಮು ಎಂಬ ನಿಲುವು ಅದರಲ್ಲಿ ಅಡಗಿದೆ.

ಮಾನವಶಾಸ್ತ್ರಜ್ಞ ಗ್ರೆಗರಿ ಬೇಟ್ಸನ್ 1971ರ ಪ್ರಬಂಧವೊಂದರಲ್ಲಿ ಈ ಹಮ್ಮನ್ನೇ ಬಿಡಿಸಿ ನೋಡಿದರು. ಕುಡುಕ ಬಾಟಲಿಯನ್ನು ಎದುರಾಳಿಯಾಗಿ ಕಾಣುತ್ತಾನೆ. ‘ಮನಸ್ಸು ಮಾಡಿದರೆ ಇವತ್ತೇ ಬಿಟ್ಟೇನು’ ಎಂಬುದು ಅವನ ಪಂಥ. ಕೆಲವು ದಿನ ಬಿಟ್ಟು ಗೆದ್ದನೆಂದುಕೊಳ್ಳಿ. ಗೆಲುವು ಎಷ್ಟು ಗಟ್ಟಿ ಎಂದು ಪರೀಕ್ಷಿಸಲು ಒಂದೇ ಒಂದು ಪೆಗ್ಗು ಬೇಕಾಗುತ್ತದೆ. ಮನಸ್ಸು ಗಟ್ಟಿ ಮಾಡಿಕೋ ಎನ್ನುವ ಮನೆಯವರು ಗೊತ್ತಿಲ್ಲದೆಯೇ ಈ ಪಂಥಕ್ಕೆ ಎಣ್ಣೆ ಎರೆಯುತ್ತಿರುತ್ತಾರೆ. ಸೋತೆ ಎಂದು ಒಪ್ಪಿದೊಡನೆ ಆಡಬೇಕಾದ ಪಂದ್ಯವೇ ಉಳಿಯುವುದಿಲ್ಲ.

ಹೊಣೆಯ ಪ್ರಶ್ನೆಗೆ ಶರಣಾಗತಿಯ ಕುರಿತು ಶ್ರೀವೈಷ್ಣವರ ಎರಡು ಪಂಗಡಗಳ ಹಳೆಯ ವಾದವೊಂದು ಹತ್ತಿರ ಬರುತ್ತದೆ. ಬೆಕ್ಕಿನ ಮರಿಯಂತೆ ಸುಮ್ಮನಿದ್ದರೆ ತಾಯಿಯೇ ಕಚ್ಚಿಕೊಂಡು ಹೋಗುತ್ತದೆ ಎಂಬುದು ತೆಂಗಲೆಯವರ ಮಾರ್ಜಾಲಕಿಶೋರ ನ್ಯಾಯ; ಕೋತಿಮರಿಯಂತೆ ತಾನೂ ಅವಚಿಕೊಳ್ಳಬೇಕು ಎಂಬುದು ವಡಗಲೆಯವರ ಮರ್ಕಟಕಿಶೋರ ನ್ಯಾಯ. ಎ.ಎ. ಮೊದಲ ಮೂರು ಮೆಟ್ಟಿಲುಗಳಲ್ಲಿ ಬೆಕ್ಕಿನ ಮರಿಯ ಪಕ್ಷ. ಆಮೇಲೆ ತನ್ನ ತಪ್ಪುಗಳನ್ನು ಪಟ್ಟಿ ಮಾಡು, ಇನ್ನೊಬ್ಬರೆದುರು ಹೇಳಿಕೋ, ನೊಂದವರ ಬಳಿ ಹೋಗಿ ಸರಿಪಡಿಸು ಎಂದು ಕೆಲಸ ಹಚ್ಚುತ್ತದೆ. ಕುಡಿತದ ಮೇಲೆ ಬಲವಿಲ್ಲದಿರಬಹುದು. ಇಂದಿನ ಸಭೆಗೆ ಹೋಗುವ ಬಲ ಇದ್ದೇ ಇದೆ.

ಸಭೆಯ ಬಾಗಿಲಲ್ಲಿ ಯಾರೂ ನಂಬಿಕೆಯನ್ನು ವಿಚಾರಿಸುವುದಿಲ್ಲ. ಕುಡಿತ ಬಿಡುವ ಇಚ್ಛೆಯೊಂದೇ ಅರ್ಹತೆ. ಶುಲ್ಕವಿಲ್ಲ, ಪೂರ್ತಿ ಹೆಸರು ಬೇಕಿಲ್ಲ. ತೆರೆದ ಸಭೆಗೆ ಮನೆಯವರೂ ಬರಬಹುದು, ಮುಚ್ಚಿದ ಸಭೆ ವ್ಯಸನಿಗಳಿಗೆ ಮಾತ್ರ. ಪ್ರತಿ ಗುಂಪೂ ಸ್ವತಂತ್ರವಾದುದರಿಂದ ಒಂದರಲ್ಲಿ ಪ್ರಾರ್ಥನೆ ಹೆಚ್ಚು, ಇನ್ನೊಂದರಲ್ಲಿ ಅನುಭವದ ಮಾತೇ ಹೆಚ್ಚು. ಹಾಗಾಗಿ ಮೊದಲ ಸಭೆ ಹಿಡಿಸದಿದ್ದರೆ ಇಡೀ ಸಂಘ ಹಿಡಿಸಲಿಲ್ಲವೆಂದು ತೀರ್ಮಾನಿಸಬೇಕಿಲ್ಲ. (ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಅವರು ಮೊದಲು ಕಾಣಬೇಕಾದದ್ದು ವೈದ್ಯರನ್ನು.)

ಆದರೆ ಸಡಿಲಿಕೆಗೂ ಮಿತಿಯಿದೆ. ಟೊರಾಂಟೊದಲ್ಲಿ ದೇವರ ಹೆಸರು ಕೈಬಿಟ್ಟು ಮೆಟ್ಟಿಲುಗಳನ್ನು ತಿದ್ದಿಕೊಂಡ ಗುಂಪುಗಳನ್ನು 2011ರಲ್ಲಿ ಸ್ಥಳೀಯ ಪಟ್ಟಿಯಿಂದ ತೆಗೆಯಲಾಯಿತು. ಪ್ರಕರಣ ಮಾನವ ಹಕ್ಕುಗಳ ನ್ಯಾಯಮಂಡಳಿಯವರೆಗೆ ಹೋಯಿತು. ಕೈದಿಗೆ ಎ.ಎ. ಮಾದರಿಯ ಕಾರ್ಯಕ್ರಮವನ್ನು ಕಡ್ಡಾಯ ಮಾಡುವುದು ಧರ್ಮವನ್ನು ಹೇರಿದಂತೆ ಎಂದು ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯ 1996ರಲ್ಲೇ ಹೇಳಿತ್ತು. ತೀರ್ಪು ನ್ಯಾಯವಾದುದೇ. ಬಲವಂತದಿಂದ ಮಾಡಿಸಿದ ಶರಣಾಗತಿ ಶರಣಾಗತಿಯಲ್ಲ, ಶಿಕ್ಷೆ. ದೇವರ ಗೊಡವೆ ಬೇಡವೆನ್ನುವವರಿಗೆ 1994ರಲ್ಲಿ ಹುಟ್ಟಿದ ಸ್ಮಾರ್ಟ್ ರಿಕವರಿಯಂಥ ಸಂಘಗಳಿವೆ.

ಕರ್ನಾಟಕದಲ್ಲಿ ದೇವರನ್ನು ಹೀಗೆ ಬದಿಗಿಡುವ ತೊಂದರೆಯನ್ನೇ ತೆಗೆದುಕೊಳ್ಳದ ಇನ್ನೊಂದು ದಾರಿಯಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಲ್ಲಿ ಭಜನೆ, ಆಪ್ತಸಲಹೆ ಒಟ್ಟಿಗೇ ಸಾಗುತ್ತವೆ, ಮಂಜುನಾಥನ ಹೆಸರು ಬಹಿರಂಗವಾಗಿಯೇ ಇರುತ್ತದೆ. ಅಲ್ಲಿ ಕುಡಿತ ಬಿಡುವುದು ಊರಿಗೆಲ್ಲ ಗೊತ್ತಾಗುವಂಥದ್ದು, ಎ.ಎ.ಯಲ್ಲಿ ಅನಾಮಿಕ. ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಮತ್ತೆ ಮತ್ತೆ ಸೇರುವುದು ಮಾತ್ರ ಆಕ್ರನ್‌ನ ಭೇಟಿಯಂತೆಯೇ.

ಇಷ್ಟಕ್ಕೂ ಎ.ಎ. ಫಲ ಕೊಡುತ್ತದೆಯೇ? ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2020ರ ಪರಾಮರ್ಶೆಯು, ಎ.ಎ.ಗೆ ಜೋಡಿಸುವ ವ್ಯವಸ್ಥಿತ ಚಿಕಿತ್ಸೆಗಳು ಪೂರ್ಣ ಮದ್ಯವರ್ಜನೆಯ ಮಟ್ಟಿಗೆ ಇತರ ಮನೋಚಿಕಿತ್ಸೆಗಳಿಗಿಂತ ಮೇಲೆಂದು ಕಂಡಿತು. ಅದರ ಕರ್ತೃಗಳಲ್ಲೊಬ್ಬರಾದ ಜಾನ್ ಕೆಲಿಯವರ ಬೇರೆ ಅಧ್ಯಯನಗಳಲ್ಲಿ ಹೆಚ್ಚು ಕೆಲಸ ಮಾಡಿದ್ದು ಸಹವಾಸದ ಬದಲಾವಣೆ: ಕುಡಿಯುವ ಗೆಳೆಯರು ಕಡಿಮೆಯಾಗಿ ಕುಡಿಯದವರು ಹೆಚ್ಚಾದದ್ದು. ಚಟ ತೀವ್ರವಾಗಿದ್ದವರಲ್ಲಿ ಮಾತ್ರ ಅಧ್ಯಾತ್ಮದ ಪಾಲೂ ಎದ್ದು ಕಂಡಿತು.