ಕೇಳುವವರಿಲ್ಲದ ಒಡೆತನ

ಕಮ್ಯುನಿಸ್ಟ್ ಕ್ರಾಂತಿ ಎಂದೊಡನೆ ಜನರಿಗೆ ನೆನಪಾಗುವುದು ಜಮೀನು, ಕಾರ್ಖಾನೆಗಳ ಮುಟ್ಟುಗೋಲು. ಆ ಸಿದ್ಧಾಂತದ ಕಡೆಗೆ ನನ್ನನ್ನು ಎಳೆದದ್ದು ಮಾತ್ರ ಇನ್ನೊಂದು ಸಂಗತಿ. ಇನ್ನೊಬ್ಬರ ದಿನ ಹೇಗೆ ಕಳೆಯಬೇಕೆಂದು ತೀರ್ಮಾನಿಸಿ, ಅದಕ್ಕೆ ಯಾರಿಗೂ ಉತ್ತರ ಕೊಡದೆ ಇರಬಹುದಾದ ಸವಲತ್ತನ್ನೇ ನಾನು ಆಸ್ತಿ ಎನ್ನುವುದು. ಕ್ರಾಂತಿ ಕಿತ್ತುಕೊಳ್ಳಬೇಕಾದ್ದು ಅದನ್ನು. ಇಷ್ಟನ್ನು ಒಪ್ಪಿದರೆ ಧಣಿಯನ್ನು ಅಳೆದ ಕೋಲಿನಲ್ಲೇ ಪಕ್ಷದ ಕಾರ್ಯದರ್ಶಿಯನ್ನೂ ಅಳೆಯಬೇಕಾಗುತ್ತದೆ. ಅಲ್ಲಿಗೆ ಬರುವಾಗ ಕಾಮ್ರೇಡುಗಳು ಮಾತು ಬದಲಿಸುತ್ತಾರೆ.

1871ರಲ್ಲಿ ದಂಗೆಯೆದ್ದ ಜನ ಕಟ್ಟಿದ ನಗರ ಸರ್ಕಾರ, ಪ್ಯಾರಿಸ್ ಕಮ್ಯೂನ್, ಬಾಳಿದ್ದು ಎರಡು ತಿಂಗಳು ಚಿಲ್ಲರೆ. ಏಪ್ರಿಲ್ 20ರಂದು ಅದು ಬೇಕರಿಗಳ ರಾತ್ರಿ ಕೆಲಸವನ್ನು ನಿಷೇಧಿಸಿತು. ಊರು ಏಳುವ ಹೊತ್ತಿಗೆ ಬಿಸಿ ಬ್ರೆಡ್ ಸಿದ್ಧವಿರಬೇಕೆಂದು ಕೆಲಸಗಾರರು ರಾತ್ರಿಯಿಡೀ ಒಲೆಯ ಮುಂದೆ ನಾದಿ, ಬೇಯಿಸಿ, ಉಳಿದವರು ಕೆಲಸಕ್ಕೆ ಹೊರಡುವಾಗ ಮಲಗಲು ಹೋಗುತ್ತಿದ್ದರು. ಆ ಆದೇಶ ಒಂದೇ ಒಂದು ಒಲೆಯನ್ನೂ ವಶಪಡಿಸಿಕೊಳ್ಳಲಿಲ್ಲ. ಆದರೂ ಮಾಲೀಕರು ಹುಯಿಲೆಬ್ಬಿಸಿದರು. ಒಲೆ ತಮ್ಮದೇ ಆಗಿದ್ದರೂ ಆಳಿನ ರಾತ್ರಿ ತಮ್ಮದಲ್ಲ ಎಂದಾಗ, ಕಳೆದುಕೊಂಡದ್ದೇನೆಂದು ಅವರಿಗೆ ಚೆನ್ನಾಗಿಯೇ ತಿಳಿದಿತ್ತು. ಕಮ್ಯೂನ್ ತನಗೂ ಮೂಗುದಾರ ಹಾಕಿಕೊಂಡಿತು: ಅಧಿಕಾರಿಗಳ ಸಂಬಳ ವರ್ಷಕ್ಕೆ 6,000 ಫ್ರಾಂಕ್ ಮೀರುವಂತಿಲ್ಲ, ಆರಿಸಿದವರು ಬೇಕೆಂದಾಗ ಪ್ರತಿನಿಧಿಯನ್ನು ಇಳಿಸಬಹುದು. ಮಾರ್ಕ್ಸ್ ಇದನ್ನು ಕೊಂಡಾಡಿದ. 1917ರಲ್ಲಿ ಲೆನಿನ್ ‘ರಾಜ್ಯ ಮತ್ತು ಕ್ರಾಂತಿ’ ಬರೆಯುವಾಗ ಇದನ್ನೇ ಮಾದರಿ ಎಂದ.

ನಾಲ್ಕು ವರ್ಷವೂ ತುಂಬಲಿಲ್ಲ. 1921ರ ಮಾರ್ಚಿನಲ್ಲಿ ಕ್ರೋನ್‌ಸ್ಟಾಟ್ ನೌಕಾನೆಲೆಯ ನಾವಿಕರು, ಸೋವಿಯತ್ತುಗಳೆಂಬ ಚುನಾಯಿತ ಮಂಡಳಿಗಳಿಗೆ ಗುಪ್ತ ಮತದಾನದಿಂದ ಹೊಸ ಚುನಾವಣೆ ನಡೆಯಲಿ ಎಂದು ಕೇಳಿದರು. ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಡೆದುಹೋದ ಕೆಂಪು ಸೇನೆ ಅವರನ್ನು ಬಗ್ಗುಬಡಿಯಿತು. ಮಾಸ್ಕೋದಲ್ಲಿ ನಡೆಯುತ್ತಿದ್ದ, ಲೆನಿನ್ನನ ಪಕ್ಷದ ಹತ್ತನೇ ಮಹಾಧಿವೇಶನ ತನ್ನ ಪ್ರತಿನಿಧಿಗಳನ್ನೂ ಆ ದಾಳಿಗೆ ಕಳಿಸಿತು. ಪಕ್ಷದೊಳಗೆ ಬಣ ಕಟ್ಟುವುದನ್ನು ನಿಷೇಧಿಸಿದ್ದೂ ಅದೇ ಅಧಿವೇಶನ. ಕಾರ್ಖಾನೆಗಳು ಆಗಲೇ ಸರ್ಕಾರದ ಕೈಯಲ್ಲಿದ್ದವು. ಒಡೆತನ ಮಾತ್ರ ಎಲ್ಲಿಗೂ ಹೋಗಿರಲಿಲ್ಲ.

ಇದಕ್ಕೊಂದು ಉತ್ತರವಿದೆ, ತೂಕದ ಉತ್ತರವೇ: ಮೆತ್ತಗಿದ್ದುದಕ್ಕೇ ಕಮ್ಯೂನ್ ಸತ್ತಿತು. ಅದು ಫ್ರಾನ್ಸ್ ಬ್ಯಾಂಕಿನ ಹಣ ಮುಟ್ಟಲು ಹಿಂಜರಿಯಿತು. ಮೇ ಕೊನೆಯ ವಾರ ಸರ್ಕಾರಿ ಸೇನೆ ಸಾವಿರಾರು ಜನರನ್ನು ಕೊಂದಿತು. ಸುತ್ತ ಮುತ್ತಿಗೆ ಇರುವಾಗ ಚುನಾವಣೆಯ ಮಾತೇ ಎಂದು ಕೇಳಿದರೆ ನಾನೂ ತಡವರಿಸುತ್ತೇನೆ. ಆದರೆ ಅಂತರ್ಯುದ್ಧದ ದೊಡ್ಡ ಕಾಳಗಗಳು ಕ್ರೋನ್‌ಸ್ಟಾಟಿಗೆ ಮೊದಲೇ ಮುಗಿದಿದ್ದವು. ಮುತ್ತಿಗೆ ತೆರವಾದ ಮೇಲೂ ಅದರ ನೆಪ ಉಳಿಯಿತು, ಎಪ್ಪತ್ತು ವರ್ಷ.

ಹಾಗಾದರೆ ಮತಪೆಟ್ಟಿಗೆ ಸಾಕು, ಕ್ರಾಂತಿ ಏಕೆ? ನಮ್ಮ ಕರಾವಳಿಯಲ್ಲಿ ಚಾಲಗೇಣಿ ಒಕ್ಕಲು ಧಣಿಯ ಅಂಗಳದಲ್ಲಿ ಕೈಕಟ್ಟಿ ನಿಲ್ಲುವುದನ್ನು ಬಿಡಿಸಿದ್ದು ದೇವರಾಜ ಅರಸರ ಕಾಲದ ಭೂಸುಧಾರಣೆ, ಕೆಂಪು ಸೇನೆಯಲ್ಲ. 1974ರ ತಿದ್ದುಪಡಿಯಂತೆ ಫಾರಂ 7 ತುಂಬಿ ಕೊಟ್ಟವನು, ಭೂನ್ಯಾಯಮಂಡಳಿಯ ಮುಂದೆ ಧಣಿಯ ಎದುರಿಗೇ ನಿಂತು, ಈ ಗದ್ದೆ ಉತ್ತವನು ನಾನು ಎಂದ. ಅಷ್ಟು ಹೇಳಲು ಬೇಕಾದ ಧೈರ್ಯ ಕಾನೂನಿನಿಂದಲೇ ಬಂದದ್ದಲ್ಲ. 1951ರ ಕಾಗೋಡು ಸತ್ಯಾಗ್ರಹದಂಥ ಗೇಣಿದಾರರ ಹೋರಾಟಗಳು ಅದನ್ನು ಮೊದಲೇ ಕೂಡಿಟ್ಟಿದ್ದವು. ಅವು ಕಮ್ಯುನಿಸ್ಟರದೇ ಆಗಿರಬೇಕಿಲ್ಲ, ಕಾಗೋಡಿನದು ಸಮಾಜವಾದಿಗಳದು.

ಆದರೂ ಕ್ರಾಂತಿ ಎಂಬ ಮಾತನ್ನು ನಾನು ಕೈಬಿಡಲಾರೆ. ಅದೇ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಕೂಲಿಯವಳಿಗೆ ಗೇಣಿ ಚೀಟಿ ಇರಲಿಲ್ಲ, ಗದ್ದೆ ಕೇಳಲು ಫಾರಂ 7 ಅವಳಿಗೆ ಸಲ್ಲುತ್ತಿರಲಿಲ್ಲ. ಎಷ್ಟು ಹೊತ್ತಿಗೆ ಬರಬೇಕು, ಎಷ್ಟು ಕೂಲಿ ಎಂಬುದನ್ನು ನಿನ್ನೆಯ ಒಕ್ಕಲು ಈಗ ತಾನೇ ಹೇಳತೊಡಗಿದ.