ಬೆಂಗಾಡೆಂಬ ಮಾತು

ವಾರದ ಕೊನೆಯ ಎರಡು ದಿನ ಊರನ್ನು ಬಿಟ್ಟು ಹೊರಡುವ ಅಭ್ಯಾಸವು ಬೆಂಗಳೂರಿನ ವಿದ್ಯಾವಂತ ಕುಟುಂಬಗಳಲ್ಲಿ ಈಗ ಚೆನ್ನಾಗಿ ಬೇರೂರಿದೆ. ಹಿಂದೆ ಜನರು ಯಾತ್ರೆಗೆ ಹೋಗುತ್ತಿದ್ದರು. ಯಾತ್ರಿಕನಿಗೆ ತಾನು ಏತಕ್ಕೆ ಹೋಗುತ್ತಿರುವೆನೆಂಬುದು ಹೊಸ್ತಿಲು ದಾಟುವುದಕ್ಕೆ ಮೊದಲೇ ಗೊತ್ತಿರುತ್ತಿತ್ತು. ಹೊರಡುವಾಗ ಹರಕೆಯಿತ್ತು, ದಾರಿಯಲ್ಲಿ ನೇಮವಿತ್ತು, ಹಿಂದಿರುಗಿದ ಮೇಲೆ ನಾಲ್ಕು ಜನಕ್ಕೆ ಊಟವಿತ್ತು. ಇಂದಿನ ಪ್ರವಾಸಿಗೆ ಅಂತಹ ಕಟ್ಟುಪಾಡುಗಳೊಂದೂ ಇಲ್ಲ. ಅವನು ನೋಡುವುದಕ್ಕಾಗಿ ಹೋಗುತ್ತಾನೆ, ನೋಡಿ ಬರುತ್ತಾನೆ. ಬರಿಯ ನೋಟದಲ್ಲಿ ಧರ್ಮಾಧರ್ಮಗಳ ಪ್ರಶ್ನೆಯೇನಾದರೂ ಉಂಟೆ? ಮೇಲುನೋಟಕ್ಕೆ ಇಲ್ಲವೆಂದೇ ತೋರುವುದು. ಕಣ್ಣು ಯಾರ ಸೊತ್ತನ್ನೂ ಅಪಹರಿಸುವುದಿಲ್ಲ; ನೋಡಿದ ಮಾತ್ರಕ್ಕೆ ನೋಡಿದ ವಸ್ತು ಸವೆಯುವುದೂ ಇಲ್ಲ. ಆದರೂ ಈ ಪ್ರಶ್ನೆಯನ್ನು ಅಷ್ಟು ಸುಲಭವಾಗಿ ಕೈಬಿಡುವಂತಿಲ್ಲ.

ಶ್ರೀನಗರದ ಒಂದು ಮನೆಯ ದಂಪತಿಗಳನ್ನು ವಾಚಕರು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳಬಹುದು. ಇಂತಹವರು ಆ ಬಡಾವಣೆಯಲ್ಲಿ ಒಬ್ಬಿಬ್ಬರಲ್ಲ. ಮೊದಮೊದಲು ಅವರು ಸಮೀಪದಲ್ಲಿರುವುದನ್ನೇ ನೋಡಿದರು: ಗವೀಪುರದ ಗಂಗಾಧರೇಶ್ವರನ ಗುಹೆ, ಕೆಂಪಾಂಬುಧಿ ಕೆರೆಯ ಬಳಿ ನಿಂತಿರುವ ಕೆಂಪೇಗೌಡರ ಗೋಪುರ, ಬೆಂಗಳೂರೆಂಬ ಹೆಸರನ್ನು ಸುಮಾರು ಕ್ರಿ. ಶ. 890ರಷ್ಟು ಹಿಂದೆಯೇ ಕಲ್ಲಿನಲ್ಲಿ ಹೊತ್ತಿರುವ ಬೇಗೂರಿನ ವೀರಗಲ್ಲು. ಆಮೇಲೆ ಮೋಟಾರು ದೂರ ದೂರ ಓಡತೊಡಗಿತು. ತಲಕಾಡು, ಮಧುಗಿರಿ, ಪಾವಗಡ, ಚಳ್ಳಕೆರೆ, ಮೊಳಕಾಲ್ಮೂರು. ಗೃಹಿಣಿಗೆ ಶಾಸನಗಳಲ್ಲಿ ಆಸಕ್ತಿ. ರೈಸ್ ಸಾಹೇಬರು ಸಂಪಾದಿಸಿದ ಎಪಿಗ್ರಾಫಿಯಾ ಕರ್ಣಾಟಿಕದ ಸಂಪುಟವೊಂದು ಅವರ ಚೀಲದಲ್ಲಿ ಇದ್ದೇ ಇರುವುದು. ಗೃಹಸ್ಥರಿಗೆ ಬೇಕಾದುದು ಬಯಲು. ಮರವಿಲ್ಲದ, ಮನೆಯಿಲ್ಲದ, ಕಣ್ಣಿಗೆ ತಡೆಯೇ ಇಲ್ಲದ ಆ ಕೆಂಪು ನೆಲ, ಅದರ ನಡುನಡುವೆ ಎದ್ದು ನಿಂತ ಬೋಳುಬಂಡೆ, ಇವನ್ನು ಕಂಡರೆ ಅವರ ಮನಸ್ಸು ತಿಳಿಯಾಗುವುದು. “ಇಲ್ಲಿ ಏನೂ ಇಲ್ಲ, ಅದೇ ಇದರ ಸೊಗಸು” ಎಂಬುದು ಅವರ ಮಾತು. “ಇಲ್ಲಿ ಏನೂ ಇಲ್ಲವೆಂದು ಹೇಳುವುದಕ್ಕೆ ನಾವು ಯಾರು?” ಎಂಬುದು ಆಕೆಯ ಮಾತು. ದಂಪತಿಗಳ ನಡುವೆ ಹುಟ್ಟಿದ ಈ ಸಣ್ಣ ವಿವಾದದೊಳಗೆ ಒಂದು ದೊಡ್ಡ ವಿಷಯ ಅಡಗಿದೆ.

ಗೃಹಸ್ಥರ ಪಕ್ಷವನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ಅವರ ಬೆನ್ನಿಗೆ ಘನವಾದ ತತ್ತ್ವವಿದೆ. ಜರ್ಮನಿಯ ಕಾಂಟನು 1790ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಸೌಂದರ್ಯದ ಆನಂದವು ಸ್ವಾರ್ಥಲೇಪವಿಲ್ಲದುದು ಎಂದು ಪ್ರತಿಪಾದಿಸಿದನು. ವಸ್ತುವಿನಿಂದ ತನಗೆ ಏನು ಪ್ರಯೋಜನವೆಂಬ ಲೆಕ್ಕವನ್ನು ಬಿಟ್ಟಾಗಲೇ ಅದರ ಚೆಲುವು ಕಾಣುವುದು. ನಮ್ಮವರಲ್ಲಿ ಅಭಿನವಗುಪ್ತನು ಅವನಿಗಿಂತ ಎಂಟು ಶತಮಾನ ಮೊದಲೇ, ನನ್ನದು, ನಿನ್ನದು, ಅವನದು ಎಂಬ ಸಂಬಂಧಗಳು ಕಳಚಿಹೋಗುವ ಸಾಧಾರಣೀಕರಣದಿಂದ ರಸಾನುಭವ ಉಂಟಾಗುವುದೆಂದು ವಿವರಿಸಿದ್ದನು. ಆರು ದಿನ ಕಚೇರಿಯ ಕಾಗದಗಳಲ್ಲಿ ಮುಳುಗಿ, ರಸ್ತೆಯ ಗದ್ದಲದಲ್ಲಿ ನುಗ್ಗಾಗಿ ಬಂದವನು ಏಳನೆಯ ದಿನ ಬಯಲಿನ ಎದುರಿಗೆ ನಿಂತು ತನ್ನನ್ನೇ ಮರೆತರೆ ಅದನ್ನು ಪಾಪವೆನ್ನುವವರು ಯಾರು?

ಆದರೆ ರಂಗದ ಮೇಲಿನ ದುಷ್ಯಂತನಿಗೂ ಹೊಲದಲ್ಲಿ ನಿಂತ ಮನುಷ್ಯನಿಗೂ ವ್ಯತ್ಯಾಸವುಂಟು. ನಾಟಕದ ರಾಜನನ್ನು ಯಾರದೂ ಅಲ್ಲದವನೆಂದು ಕಂಡರೆ ಅವನಿಗೆ ನಷ್ಟವಿಲ್ಲ. ನೆಲವನ್ನು ಯಾರದೂ ಅಲ್ಲವೆಂದು ಕಂಡರೆ ನಷ್ಟಪಡುವವರು ಇದ್ದಾರೆ.

ಬೆಂಗಾಡು ಎಂಬ ಮಾತನ್ನೇ ತೆಗೆದುಕೊಳ್ಳಬಹುದು. ಬೆಂದ ಕಾಡು ಬೆಂಗಾಡು. ಹಿಂದೆ ಅಲ್ಲಿ ಕಾಡಿತ್ತು, ಏನೋ ಒಂದು ಅದನ್ನು ಬೇಯಿಸಿತು ಎಂಬ ಕಥೆ ಆ ಮಾತಿನ ಒಳಗೇ ಇದೆ. ಭೂಗೋಳಶಾಸ್ತ್ರದ ಲೆಕ್ಕದಲ್ಲಿ ಕರ್ನಾಟಕದಲ್ಲಿ ಮರುಭೂಮಿಯೇ ಇಲ್ಲ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಸೀಮೆಯನ್ನು ಮರುಭೂಮಿಯೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ನಾಡಿನ ಅತ್ಯಂತ ಒಣ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯಲ್ಲಿಯೂ ಬೀಳುವ ಮಳೆ ಅದರ ಇಮ್ಮಡಿಗೆ ಸಮೀಪವಾಗಿದೆ. ಅದು ಹುಲ್ಲಿನ ಸೀಮೆ. ಮಳೆ ಬಂದ ಎರಡು ವಾರಕ್ಕೆ ಹಸಿರಾಗುವುದು, ದೀಪಾವಳಿ ಕಳೆದ ಮೇಲೆ ಹೊನ್ನಿನ ಬಣ್ಣಕ್ಕೆ ತಿರುಗುವುದು, ಬೇಸಿಗೆಯಲ್ಲಿ ಸತ್ತಂತೆ ಕಾಣುವುದು. ನಗರದವನು ರಜೆ ದೊರೆತ ದಿನ ಹೋಗಿ ನೋಡುತ್ತಾನೆ. ಅವನು ಕಂಡುದು ವರ್ಷದ ಒಂದು ದಿನ ಮಾತ್ರ.

ಈ ಹುಲ್ಲಿನ ಚರಿತ್ರೆ ಅರಮನೆಗಳ ಚರಿತ್ರೆಗಿಂತ ಬಹಳ ಹಳೆಯದು. ಬಳ್ಳಾರಿಯ ಸುತ್ತಮುತ್ತಲೂ ಸುರಪುರದ ಕಡೆಯಲ್ಲಿಯೂ ಬೂದಿಯ ದಿಬ್ಬಗಳಿವೆ. ಹಂಪೆಯ ಬಳಿ ನಿಂಬಾಪುರದಲ್ಲಿರುವ ದಿಬ್ಬವನ್ನು ವಾಲಿಯ ಚಿತೆಯ ಬೂದಿಯೆಂದು ಜನರು ಹೇಳುತ್ತಾರೆ. ಆಲ್ಚಿನ್ ಮೊದಲಾದ ವಿದ್ವಾಂಸರು ಅಗೆದು ಪರೀಕ್ಷಿಸಿ, ಇವು ನಾಲ್ಕು ಸಾವಿರ ವರ್ಷಗಳಷ್ಟು ಹಿಂದಿನ ದನಗಾಹಿಗಳು ತಮ್ಮ ದೊಡ್ಡಿಗಳ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರಿಂದ ಬೆಳೆದ ಗುಡ್ಡೆಗಳೆಂದು ನಿರ್ಧರಿಸಿದ್ದಾರೆ. ಬೂದಿಯೇ ದಿಬ್ಬವಾಗಬೇಕಾದರೆ ಎಷ್ಟು ದನ, ಎಷ್ಟು ತಲೆಮಾರು! ಮೈಸೂರಿನ ದೊರೆಗಳಿಗೆ ಈ ಹುಲ್ಲಿನ ಬೆಲೆ ಗೊತ್ತಿತ್ತು. ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿಯೆಂಬ ಇಲಾಖೆಯನ್ನೇರ್ಪಡಿಸಿ ದನಗಳಿಗಾಗಿ ಕಾವಲುಗಳನ್ನು ಬಿಡಿಸಿದ್ದರು. ಟಿಪ್ಪುವು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟನು. 1799ರ ತರುವಾಯ ಇಂಗ್ಲಿಷರೂ ಆ ತಳಿಯ ಎತ್ತುಗಳನ್ನು ಬಿಡಲೊಲ್ಲದೆ ಇಟ್ಟುಕೊಂಡರು. ಇಂದಿಗೂ ಆ ಕಡೆಯ ಮ್ಯಾಸಬೇಡರಲ್ಲಿ ದೇವರ ದನಗಳೆಂದು ಬಿಟ್ಟ ಹಿಂಡುಗಳುಂಟು. ಅವನ್ನು ಮೇಯಿಸುವ ಕಿಲಾರಿಗೆ ಆ ಕೆಲಸ ಕೂಲಿಯಲ್ಲ, ವ್ರತ. ಚಳ್ಳಕೆರೆಯ ಕಂಬಳಿಯೂ ಈ ಹುಲ್ಲಿನಿಂದಲೇ ಬಂದುದು, ಕುರಿಯ ಮೈಯ ಮೂಲಕ.

ಪ್ರವಾಸಿಯ ಕಣ್ಣು ಇದನ್ನು ಕಾಣದೆ ಹೋದರೆ ಅವನ ಮಟ್ಟಿಗೆ ಒಂದು ಅಜ್ಞಾನ, ಅಷ್ಟೆ. ಆದರೆ ಅದೇ ಕಣ್ಣು ಕಚೇರಿಯ ಕುರ್ಚಿಯಲ್ಲಿ ಕುಳಿತಾಗ ಏನಾಗುವುದೆಂದು ನೋಡಬೇಕು. ಕಂದಾಯದ ಕಡತಗಳಲ್ಲಿ ಬಂಜರು, ಖರಾಬು ಎಂಬ ಮಾತುಗಳಿವೆ. ತೆರಿಗೆ ಹುಟ್ಟದ ನೆಲಕ್ಕೆ ಆ ಹೆಸರುಗಳು. ತೆರಿಗೆ ಹುಟ್ಟದಿದ್ದರೆ ಏನೂ ಹುಟ್ಟುವುದಿಲ್ಲವೆಂದು ಕಡತವು ತಿಳಿದುಕೊಳ್ಳುತ್ತದೆ. 2008ರಿಂದೀಚೆಗೆ ಚಳ್ಳಕೆರೆಯ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ರಕ್ಷಣಾ ಸಂಶೋಧನೆ, ಪರಮಾಣು, ಬಾಹ್ಯಾಕಾಶ ಮೊದಲಾದ ಸಂಸ್ಥೆಗಳಿಗೆ ಹಂಚಿಕೊಟ್ಟರು. ಸುತ್ತಲೂ ಗೋಡೆ ಎದ್ದಿತು. ಕುರಿ ದನ ಮೇಯಿಸುತ್ತಿದ್ದ ಹಳ್ಳಿಗಳವರಿಗೆ ಗೋಡೆ ಕಂಡ ಮೇಲೆಯೇ ಸಂಗತಿ ಸರಿಯಾಗಿ ತಿಳಿದುದು; ವ್ಯಾಜ್ಯವು 2013ರಲ್ಲಿ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ದೇಶಕ್ಕೆ ವಿಮಾನ ಪರೀಕ್ಷೆಯ ನೆಲೆ ಬೇಡವೆಂದು ಯಾರೂ ಹೇಳಲಾರರು. ಮರಳಿ ಬಳಸಬಹುದಾದ ರಾಕೆಟ್ ವಾಹನವೊಂದು 2023ರ ಏಪ್ರಿಲಿನಲ್ಲಿ ಅಲ್ಲಿಯೇ ಇಳಿದು ನಾಡಿಗೆ ಕೀರ್ತಿ ತಂದಿತು. ಪ್ರಶ್ನೆಯಿರುವುದು ಬೇರೆ ಕಡೆ. ಅಷ್ಟು ನೆಲವನ್ನು ಗದ್ದೆಯ ಸೀಮೆಯಲ್ಲಿ ಕೇಳಿದ್ದರೆ ಎಷ್ಟು ವಿಚಾರಣೆ, ಎಷ್ಟು ಪರಿಹಾರ, ಎಷ್ಟು ಸಂಕೋಚ ಇರುತ್ತಿತ್ತು! ಇಲ್ಲಿ ಸಂಕೋಚವಿಲ್ಲದೆ ಹೋದುದಕ್ಕೆ ಕಾರಣ, ಕೊಟ್ಟವರ ಮನಸ್ಸಿನಲ್ಲಿಯೂ ಆ ನೆಲ ಬರಿದಾಗಿಯೇ ಇತ್ತು. ರಸಿಕನು ಸೊಗಸೆಂದು ಕಂಡ ಶೂನ್ಯವನ್ನೇ ಅಧಿಕಾರಿಯು ಅನುಕೂಲವೆಂದು ಕಂಡನು. ಇಬ್ಬರ ನೋಟವೂ ಒಂದೇ ಬೇರಿನಿಂದ ಹೊರಟುದು.

ಇದಕ್ಕೆ ಎದುರು ವಾದವೂ ಉಂಟು. ಅದನ್ನು ಪಾವಗಡವೇ ಒದಗಿಸುತ್ತದೆ. ಅಲ್ಲಿ ತಿರುಮಣಿ, ವಳ್ಳೂರು ಮೊದಲಾದ ಐದು ಊರುಗಳ ಸುಮಾರು 13,000 ಎಕರೆಯ ಮೇಲೆ ಸೂರ್ಯಶಕ್ತಿಯ ಫಲಕಗಳನ್ನು ಹಾಸಿ, 2019ರ ಕೊನೆಗೆ 2,050 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರವನ್ನು ಪೂರ್ಣಗೊಳಿಸಿದರು. ನೆಲವನ್ನು ಕಿತ್ತುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಬರದ ಮೇಲೆ ಬರ ಕಂಡು, ಕೊಳವೆಬಾವಿ ತೋಡಿಸಿ ತೋಡಿಸಿ ಸಾಲದಲ್ಲಿ ಸಿಕ್ಕಿದ್ದ ಎಷ್ಟೋ ರೈತರಿಗೆ ಇದು ನೆಮ್ಮದಿಯೇ ಆಯಿತು. ಅವರ ಮುಂದೆ ಹೋಗಿ, ನಿಮ್ಮ ಶೇಂಗಾ ಹೊಲ ಎಷ್ಟು ಚೆನ್ನಾಗಿತ್ತು ಎಂದು ಮರುಗುವುದು ನಗೆಪಾಟಲು. ಹಾಗಾದರೆ ಬರಿದು ಎಂದವರ ಮಾತೇ ನಿಜವಾಯಿತಲ್ಲವೆ? ಅರ್ಧ ನಿಜ. ಹೆಸರಿನಲ್ಲಿ ಪಹಣಿಯಿದ್ದವನಿಗೆ ಗುತ್ತಿಗೆಯ ಹಣ ಬಂತು. ಅವನ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೂ ಕೊಯ್ಲಾದ ಮೇಲೆ ಕುರಿ ಬಿಡುತ್ತಿದ್ದವನಿಗೂ ಗುತ್ತಿಗೆಗೆ ಕೊಡಲು ಏನಿತ್ತು? ನೆಲವು ಬರಿದೋ ತುಂಬಿದುದೋ ಎಂಬುದನ್ನು ಯಾರನ್ನು ಕೇಳುತ್ತೇವೆ ಎಂಬುದರ ಮೇಲೆ ಉತ್ತರವು ನಿಂತಿದೆ. ಹೀಗೆ ಕೇಳುವ ಕಷ್ಟ ತೆಗೆದುಕೊಳ್ಳದೆ ನೋಡಿದ ಮಾತ್ರದಿಂದ ಹೇಳುವುದೇ ದೋಷ.

ತಲಕಾಡಿನ ಮರಳಿನ ಸಂಗತಿ ಇಲ್ಲಿ ಸ್ಮರಣೀಯವಾದುದು. ಅಲಮೇಲಮ್ಮನ ಶಾಪದಿಂದ ಊರು ಮರಳಾಯಿತೆಂದು ಜನ ನಂಬುತ್ತಾರೆ. ವಿಜಯನಗರದ ಕಾಲದಲ್ಲಿ ಕಟ್ಟಿದ ಅಣೆಕಟ್ಟಿನಿಂದ ಹೊಳೆಯ ಹರಿವು ಕುಗ್ಗಿ, ಬಯಲಾಗಿ ಬಿದ್ದ ಮರಳನ್ನು ಗಾಳಿಯು ಊರ ಮೇಲೆ ಸುರಿಯಿತೆಂದು ಕೆ. ಎನ್. ಗಣೇಶಯ್ಯನವರು 2007ರಲ್ಲಿ ಒಂದು ವಿಜ್ಞಾನಲೇಖನದಲ್ಲಿ ತರ್ಕಿಸಿದರು. ಶಾಪವಾದಿಗಳೂ ವಿಜ್ಞಾನವಾದಿಗಳೂ ಜಗಳವಾಡುವುದನ್ನು ಕೇಳಿದವರು, ಇವರಿಬ್ಬರೂ ಒಂದು ವಿಷಯದಲ್ಲಿ ಒಂದೇ ಎಂಬುದನ್ನು ಮರೆಯುತ್ತಾರೆ. ಆ ಮರಳು ತಾನಾಗಿ ಹುಟ್ಟಿದುದಲ್ಲ, ಮನುಷ್ಯನ ಕೃತ್ಯದಿಂದ ಬಂದುದು ಎಂಬುದನ್ನು ಇಬ್ಬರೂ ಒಪ್ಪಿದ್ದಾರೆ.

ಶ್ರೀನಗರದ ಗೃಹಿಣಿಯು ಎತ್ತಬಹುದಾದ ಇನ್ನೊಂದು ಪ್ರಶ್ನೆ ಹೆಚ್ಚು ಚುಚ್ಚುವಂತಹುದು. ಬೆಂಗಾಡು ಯಾವುದು, ಅವರು ನೋಡಲು ಹೋದುದೆ, ಬಿಟ್ಟು ಬಂದುದೆ? ಕೆಂಪೇಗೌಡರ ಕಾಲದ ಬೆಂಗಳೂರು ತನ್ನ ಮೇಲೆ ಬಿದ್ದ ಮಳೆಯನ್ನು ಕೆರೆಗಳಲ್ಲಿ ಹಿಡಿದು ಕುಡಿಯಿತು. ಧರ್ಮಾಂಬುಧಿ ಕೆರೆಯಿದ್ದ ಕಡೆ ಈಗ ಬಸ್ಸುಗಳು ನಿಲ್ಲುತ್ತವೆ; ಸಂಪಂಗಿ ಕೆರೆಯ ಅಂಗಳದಲ್ಲಿ ಕ್ರೀಡಾಂಗಣವಿದೆ. ನೀರಿಗಾಗಿ ನಗರವು 1890ರ ದಶಕದಲ್ಲಿ ಹೆಸರಘಟ್ಟಕ್ಕೆ ಹೋಯಿತು, 1933ರಲ್ಲಿ ತಿಪ್ಪಗೊಂಡನಹಳ್ಳಿಗೆ ಹೋಯಿತು, 1974ರಲ್ಲಿ ಕಾವೇರಿಗೆ ಹೋಯಿತು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, 500 ಮೀಟರಿನಷ್ಟು ಎತ್ತರಕ್ಕೆ ಯಂತ್ರಗಳು ಎತ್ತಿ ಹಾಕಿದ ನೀರು ಶ್ರೀನಗರದ ನಲ್ಲಿಗಳಲ್ಲಿ ಬೀಳುತ್ತದೆ. ಆ ಯಂತ್ರಗಳಿಗೂ ಮನೆಯ ದೀಪಕ್ಕೂ ಒದಗುವ ಶಕ್ತಿಯಲ್ಲಿ ಪಾವಗಡದ ಬಿಸಿಲೂ ಒಂದಿಷ್ಟು ಸೇರಿದೆ. ಚಳ್ಳಕೆರೆಯ ಕುರುಬನು ಇದ್ದಷ್ಟು ಮಳೆಯಲ್ಲಿ ಬದುಕುವುದನ್ನು ಕಲಿತವನು. ನಗರದವನು ಕೊಳಾಯಿ ನಾಲ್ಕು ದಿನ ನಿಂತರೆ ಊರು ಬಿಡುವ ಮಾತನಾಡುವವನು. ಇವರಿಬ್ಬರಲ್ಲಿ ಬೆಂಗಾಡಿನ ನಿವಾಸಿ ಯಾರೆಂಬುದನ್ನು ನಿಘಂಟು ಹೇಳಲಾರದು.

ಇಷ್ಟೆಲ್ಲ ಕೇಳಿದ ಮೇಲೂ ಗೃಹಸ್ಥರು ತಮ್ಮ ಬಯಲನ್ನು ಬಿಟ್ಟುಕೊಡಬೇಕಾಗಿಲ್ಲ. ಬಿಟ್ಟುಕೊಡಬೇಕಾದುದು “ಏನೂ ಇಲ್ಲ” ಎಂಬ ಎರಡು ಮಾತನ್ನು. ನೆಲದ ಹೆಸರುಗಳನ್ನು ತಿಳಿದ ಮೇಲೆ ಸೊಗಸು ಕುಗ್ಗುವುದೆಂಬ ಭಯ ಕೆಲವರಿಗಿದೆ. ರಾಗದ ಹೆಸರು ತಿಳಿದವನಿಗೆ ಸಂಗೀತದ ಸುಖ ಕಡಿಮೆಯಾದುದನ್ನು ಯಾರೂ ಕಂಡಿಲ್ಲ. ಹಾಗೆಯೇ ಬಯಲನ್ನು ಕಂಡು ಮರುಗಿ, ಅದಕ್ಕೆ ಉಪಕಾರ ಮಾಡಹೊರಡುವ ಸಜ್ಜನರೂ ಎಚ್ಚರದಿಂದಿರಬೇಕು. ಬೋಳಾಗಿರುವ ಕಡೆಯೆಲ್ಲ ಗಿಡ ನೆಡುವುದು ಪುಣ್ಯವೆಂದು ನಗರದ ಸಂಘಗಳು ನಂಬಿವೆ. ರಾಣೆಬೆನ್ನೂರಿನ ಕೃಷ್ಣಮೃಗಗಳ ಸೀಮೆಯಲ್ಲಿ ನೀಲಗಿರಿಯ ತೋಪುಗಳನ್ನು ಬೆಳೆಸಿದರು. ದೂರದ ಶತ್ರುವನ್ನು ಕಂಡು ಓಡಿ ಬದುಕುವ ಆ ಪ್ರಾಣಿಗೆ ಬೇಕಾದುದು ಹುಲ್ಲು ಮತ್ತು ತೆರಪು. ಮರಗಳ ಗುಂಪು ಅದಕ್ಕೆ ಗೋಡೆಯೇ ಸರಿ. ಎರೆಭೂತವೆಂಬ ಹಕ್ಕಿಗೂ ಇದೇ ಗತಿ. ಅದು ಇಂದು ಕರ್ನಾಟಕದಲ್ಲಿ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿದ್ದರೆ ಹೆಚ್ಚು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಕೃಷ್ಣಮೃಗಗಳಿಗೆ ಮೀಸಲೆಂದು ಸಾರಿದುದು ಈ ದೃಷ್ಟಿಯಿಂದ ವಿವೇಕದ ಕೆಲಸ. ಅಲ್ಲಿಗೆ ಹೋದವರಿಗೆ ಬಯಲೂ ಸಿಕ್ಕುವುದು, ಬಯಲು ಯಾರದೆಂಬುದೂ ಕಣ್ಣಿಗೆ ಬೀಳುವುದು.

ಮೊಳಕಾಲ್ಮೂರಿನ ದಾರಿಯಲ್ಲಿ ಬ್ರಹ್ಮಗಿರಿಯಿದೆ. ಬಂಡೆ, ಮುಳ್ಳು, ಬಿಸಿಲು. ಗೃಹಸ್ಥರ ಮನಸ್ಸಿಗೆ ಒಪ್ಪುವ ಎಲ್ಲವೂ ಅಲ್ಲಿದೆ. ಅಲ್ಲಿಯೂ, ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ ಅಶೋಕನ ಶಾಸನಗಳನ್ನು ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಕೆಲವೇ ಮೈಲಿಗಳ ಒಳಗೆ ಮೂರು ಕಡೆ ಒಂದೇ ಆಜ್ಞೆ. ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂದು ಅದರ ಅರ್ಥ. ಸುವರ್ಣಗಿರಿಯಿಂದ ಹೊರಟ ಆ ಆಜ್ಞೆಯು ಇಸಿಲದ ಮಹಾಮಾತ್ರರಿಗೆ ಬಂದುದು. ಕೇಳುವ ಜನವಿಲ್ಲದ ಕಡೆ ಯಾವ ದೊರೆಯೂ ಕಲ್ಲು ಕೊರೆಸುವುದಿಲ್ಲ. ಅದೂ ಮೂರು ಬಾರಿ. 1947ರಲ್ಲಿ ವೀಲರ್ ಅವರು ಅಗೆದಾಗ ಆ ಬಯಲಿನ ಕೆಳಗೆ ಕಲ್ಲಿನ ಕೊಡಲಿಯವರ ಕಾಲದಿಂದ ಮೊದಲ್ಗೊಂಡು ಒಂದರ ಮೇಲೊಂದು ಜನವಸತಿಯ ಪದರಗಳು ಕಂಡವು. ಶಾಸನದ ಕೊನೆಯಲ್ಲಿ ಅದನ್ನು ಬರೆದ ಚಪಡನೆಂಬ ಲಿಪಿಕಾರನು ತನ್ನ ಹೆಸರನ್ನು ಹಾಕಿ, ಲಿಪಿಕಾರನೆಂಬ ಮಾತನ್ನು ಮಾತ್ರ ವಾಯವ್ಯ ದೇಶದ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಗೃಹಿಣಿಯು ಮೊದಲು ತೋರಿಸಬೇಕಾದುದು ಆ ಸಾಲನ್ನು. ಗಾಂಧಾರದ ಕಡೆಯ ಬರವಣಿಗೆಯನ್ನು ಕಲಿತ ಆ ಮನುಷ್ಯನು ಇಲ್ಲಿಯವರೆಗೆ ಬಂದು, ಈ ಬಂಡೆಯ ಮುಂದೆ ಕುಳಿತು, ಓದಬಲ್ಲವರು ಇಲ್ಲಿ ಒಬ್ಬರಾದರೂ ಇದ್ದಾರೆಂದು ನಂಬಿ ಆ ಎರಡನೆಯ ಲಿಪಿಯನ್ನು ಕೊರೆದನು.